ಹಗೇವು ಮತ್ತು ಬರಗಾಲ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳೆಯ ವಾಡೆಗಳಲ್ಲಿ ಹಾಸುಗಲ್ಲು ಕಾಲಡಿಯಲ್ಲಿ ಟೊಳ್ಳು ಸದ್ದು ಮಾಡಿದರೆ ಅಲ್ಲೊಂದು ಹಗೇವು ಇದ್ದಿತೆಂದು ತಿಳಿಯಬಹುದು. ಮರಾಠಿಯಲ್ಲಿ ಇದಕ್ಕೆ ಪೇವ ಎನ್ನುವರು. ಅರಸರ ಕಾಳಗಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು ಈ ಕುಳಿಯ ಚರಿತ್ರೆಯನ್ನು ಹೇಳುವುದು ಅಪರೂಪ.

ಇಲ್ಲಿಯ ಬಾಳುವೆ ಹಿಂಗಾರಿ ಜೋಳದ ಮೇಲೆ ನಿಂತುದು. ಉತ್ತರೆ, ಹಸ್ತದ ಮಳೆ ತಪ್ಪಿದರೆ ವರುಷವೇ ತಪ್ಪಿದಂತೆ. ಆದುದರಿಂದ ಬೆಳೆದ ವರುಷದ ಕಾಳನ್ನು ಬೆಳೆಯದ ವರುಷಕ್ಕೆ ಕೂಡಿಡುತ್ತಿದ್ದರು. ಪಸೆಯೇರದ ಗಟ್ಟಿ ನೆಲದಲ್ಲಿ ಬಾಯಿ ಕಿರಿದು, ಹೊಟ್ಟೆ ಅಗಲವಾಗಿ ಕುಳಿ ತೋಡಿ, ಒಳಗೆಲ್ಲ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವರು. ಒಳಗಿನ ಆಮ್ಲಜನಕವನ್ನು ಕಾಳೇ ಉಸಿರಾಡಿ ಮುಗಿಸುವುದರಿಂದ ಹುಳು ಬದುಕದು. ಜೋಳ ವರುಷಗಟ್ಟಲೆ ನಿಲ್ಲುವುದು. ಮನುಷ್ಯನಿಗೂ ಅದೇ ಗಂಡಾಂತರ. ತೆರೆದೊಡನೆ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅವಸರಪಟ್ಟು ಪ್ರಾಣ ಕಳೆದುಕೊಂಡವರುಂಟು. ಹಗೇವಿನ ಜೋಳಕ್ಕೆ ಕಮಟು ವಾಸನೆ, ಮೊಳೆಯುವ ಶಕ್ತಿಯೂ ಕಡಿಮೆ. ಬಿತ್ತುವ ಕಾಳನ್ನು ಬೂದಿ ಬೆರೆಸಿ ಬೇರೆ ಗಡಿಗೆಯಲ್ಲಿಡುವ ಜಾಣತನ ನಮ್ಮ ಹೆಣ್ಣುಮಕ್ಕಳದು.

ಒಲೆಯ ಲೆಕ್ಕವೂ ಅವರದೇ. ಒಮ್ಮೆ ಉರಿ ಹಾಕಿ ಹಲವು ದಿನಗಳ ಖಡಕ್ ರೊಟ್ಟಿ ಸುಟ್ಟಿಡುವುದು; ನೀರು ತಾಕದ ಶೇಂಗಾ, ಗುರೆಳ್ಳಿನ ಚಟ್ನಿ ಕುಟ್ಟಿಡುವುದು. ಕಾಳು ಕರಗಿದಂತೆ ರೊಟ್ಟಿ ಹೋಗಿ ನುಚ್ಚು, ನುಚ್ಚು ಹೋಗಿ ಅಂಬಲಿ.

ಆದರೆ ಹಗೇವು ಹೊಲವುಳ್ಳವನ ಸೊತ್ತು. ಕೂಲಿಯವನ ಮನೆಯಲ್ಲಿದ್ದುದು ಗಡಿಗೆ. 1876ರಲ್ಲಿ ಮಳೆ ಹೋದಾಗ ಈ ಭೇದ ಬಯಲಾಯಿತು. ಸೊಲ್ಲಾಪುರಕ್ಕೆ 1860ರಲ್ಲಿಯೇ ರೈಲು ಬಂದಿದ್ದಿತು. ಬರದಲ್ಲಿ ಕಾಳೂ ರೈಲಿನಲ್ಲಿ ಬಂದಿತು. ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಕೂಲಿಯನ್ನು ಗಂಡಾಳಿಗೆ ದಿನಕ್ಕೆ 1 ಪೌಂಡು ಧಾನ್ಯದ ಬೆಲೆ ಮತ್ತು 1 ಆಣೆಗೆ ಇಳಿಸಿದನು. ಒಂದು ಪೌಂಡೆಂದರೆ ಸುಮಾರು 450 ಗ್ರಾಂ, ನಾಲ್ಕೈದು ರೊಟ್ಟಿಯ ಹಿಟ್ಟು. ಕಲ್ಲೊಡೆಯುವ ಮೈಗೆ ಇದು ಸಾಲುವುದೆಂದು ಬಗೆದವನು ಕಲ್ಲೊಡೆದವನಲ್ಲ. ಮುಂಬಯಿ ಇಲಾಖೆಯಲ್ಲಿ ಎಷ್ಟೋ ಜನ ಆ ಕೂಲಿಯನ್ನು ಒಲ್ಲದೆ ಕೆಲಸ ಬಿಟ್ಟು ಹೊರಟರು.

1972ರ ಬರದ ಹೊತ್ತಿಗೆ ಬಹಳಷ್ಟು ಹಗೇವುಗಳು ಮುಚ್ಚಿಹೋಗಿದ್ದವು. ಪಡಿತರದಂಗಡಿಯಲ್ಲಿ ಅಮೆರಿಕದ ಕೆಂಪು ಮಿಲೊ ಜೋಳ, ಕಾಮಗಾರಿಗಳಲ್ಲಿ ಸುಖಡಿ. ಮಿಲೊ ರೊಟ್ಟಿಯನ್ನು ಬಯ್ದುಕೊಂಡೇ ಉಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಬೇಡಿದವನಿಗೆ ಕೆಲಸ ಕೊಡಲೇಬೇಕೆಂಬ ಉದ್ಯೋಗ ಖಾತರಿ ಕಾಯಿದೆಯನ್ನು ಮಹಾರಾಷ್ಟ್ರ ಮಾಡಿದುದು ಆ ಬರದ ನಂತರ, 1977ರಲ್ಲಿ.