ಸವಳು ಮಣ್ಣಿನ ಕೆಳಗಿನ ತೊಲೆ

ಕುಂದಗೋಳ ಸುತ್ತಿನ ಎರೆಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಭಾರವೆಲ್ಲ ಮರದ ಮೇಲೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆಯ ಹಾಸು, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಉಪ್ಪಿನಂಶದ ಈ ಮಣ್ಣನ್ನೇ ಹುಡುಕಿ ತರಲು ಕಾರಣವಿತ್ತು. ಸೋಡಿಯಂ ಹೆಚ್ಚಿರುವ ಜೇಡಿ ನೀರು ತಾಗಿದೊಡನೆ ನುಣ್ಣಗೆ ಹರಡಿ ರಂಧ್ರ ಮುಚ್ಚುತ್ತದೆ, ಮಳೆ ಕೆಳಗಿಳಿಯದು. ಆದರೆ ಮುಂಗಾರಿಗೆ ಮುನ್ನ ಮತ್ತಷ್ಟು ಮಣ್ಣು ಬಿದ್ದಂತೆಲ್ಲ ತೊಲೆಯ ಹೊರೆ ಏರುತ್ತಿತ್ತು.

ಇಂಥ ಹೊರೆಗೆ ತೇಗ, ಮತ್ತಿಯಂಥ ಗಟ್ಟಿಮರ ಬೇಕು. ತೇಗದ ಕೆಚ್ಚಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಪೈನ್‌ನಂಥ ಮೆದುಮರಕ್ಕೆ ಆ ಕಾವಲಿಲ್ಲ.

ಕಾವಲನ್ನು ಹೊರಗಿನಿಂದ ತುಂಬುವ ದಾರಿಯೊಂದನ್ನು 1933ರಲ್ಲಿ ತೋರಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ. ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ, ಜೊತೆಗೆ ಆರ್ಸೆನಿಕ್ ಮತ್ತು ಡೈಕ್ರೋಮೇಟ್ ಲವಣಗಳು: ಈ ಮಿಶ್ರಣಕ್ಕೆ ‘ಆಸ್ಕು’ ಎಂದು ಹೆಸರಾಯಿತು. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಹುಳುವನ್ನು. ಕ್ರೋಮಿಯಂ ಇವೆರಡನ್ನೂ ಮರದಲ್ಲಿ ಕಚ್ಚಿ ನಿಲ್ಲಿಸುತ್ತದೆ. ವಿದ್ಯುತ್ ಕಂಬದಿಂದ ಬಂದರಿನ ಕಂಬದವರೆಗೆ ಈ ಬಗೆಯ ಮರ ಜಗತ್ತಿನ ಹಲವೆಡೆ ಬಳಕೆಗೆ ಬಂತು.

ಉಪ್ಪು ತುಂಬಿದ ಮರ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬುದು ತಪ್ಪು ಎಣಿಕೆ. ಲವಣಗಳು ಮರದೊಳಗೆ ಕೂರುವಾಗ ಅದರ ನಾರನ್ನೂ ಕೊಂಚ ತಿನ್ನುತ್ತವೆ. ಬಾಗದೆ ನಿಲ್ಲುವ ಬಿಗಿತ ಹೆಚ್ಚು ಕದಲುವುದಿಲ್ಲ. ಥಟ್ಟನೆ ಬಿದ್ದ ಹೊಡೆತ ತಾಳುವ ಗುಣ ಮೊದಲು ಕುಗ್ಗುತ್ತದೆ. ಸಮುದ್ರದ ನೀರಿನಲ್ಲಿ ನಿಲ್ಲುವ ಕಂಬಗಳಿಗೆ ಹಾಕುವಷ್ಟು ಉಪ್ಪು ತುಂಬಿದರೆ ಮುರಿಯುವ ಬಲವೂ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಕೆಡುಕು ಅವಸರದ್ದು: ಒದ್ದೆ ಮರವನ್ನು ಭಟ್ಟಿಯಲ್ಲಿ ವಿಪರೀತ ಕಾಯಿಸಿ ಒಣಗಿಸುವುದು. ಅದಕ್ಕೇ ಅಮೆರಿಕದ ಮಾನದಂಡ ಸುಮಾರು 74 ಡಿಗ್ರಿ ಸೆಲ್ಸಿಯಸ್‌ಗೆ ಮಿತಿ ಹಾಕಿತು. ಅಲ್ಲಿ 1980ರ ದಶಕದಲ್ಲಿ ಬೆಂಕಿ ತಡೆಯುವ ಲವಣ ತುಂಬಿದ ಪ್ಲೈವುಡ್ ಛಾವಣಿಗಳು ಬಿಸಿಲಿನ ಕಾವಿಗೇ ಪೆಡಸಾಗಿ ಕೆಟ್ಟವು.

ಅಡುಗೆ ಉಪ್ಪಿನ ಕಥೆ ಬೇರೆ. ಉಪ್ಪಿನ ಗೋದಾಮುಗಳಲ್ಲಿ ಹರಳು ಕಟ್ಟಿ ಮರದ ಮೈ ನಾರುನಾರಾಗಿ ಏಳುತ್ತದೆ. ಒಳಗಿನ ತಿರುಳು ಬಹುಪಾಲು ಹಾಗೇ ಇರುತ್ತದೆ.

ಇಂದು ಕಟ್ಟಿಗೆ ಅಡ್ಡೆಯಲ್ಲಿ ಹಸಿರು ಛಾಯೆಯ ಪೈನ್ ಕೊಳ್ಳುವವರು ಯಾವ ಲವಣ, ಎಷ್ಟು, ಯಾವ ಕಾವಿನಲ್ಲಿ ಒಣಗಿದ್ದು ಎಂದು ಕೇಳಬೇಕು. ಉಳಿದ ತುಂಡುಗಳನ್ನು ಒಲೆಗೆ ಹಾಕಬಾರದು. ಆಸ್ಕು ಬಗೆಯ ಮರ ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ.