ಉಸಿರು ಕೊಟ್ಟ ಆಕ್ಸಿಜನ್, ಕಣ್ಣು ಕಸಿದ ಕಥೆ

"ಹೆರಿಗೆ ಆಯ್ತು, ಆದರೆ ತಿಂಗಳು ತುಂಬಿರಲಿಲ್ಲ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಆಕ್ಸಿಜನ್ ಕೊಡ್ತಿದ್ದಾರೆ." ಊರಿಂದ ಇಂಥ ಫೋನ್ ಬಂದಾಗ ಕೊಲ್ಲಿ ನಾಡಿನಲ್ಲಿ ದುಡಿಯುವ ನಮಗೆ ಕೈಕಾಲು ಆಡುವುದಿಲ್ಲ. ಆ ಆಕ್ಸಿಜನ್ನಿನ ಹಿಂದೆ ನಾವು ತಿಳಿದಿರಬೇಕಾದ ಚರಿತ್ರೆಯೊಂದಿದೆ.

1942ರಲ್ಲಿ ಅಮೆರಿಕದ ಬೋಸ್ಟನ್ ನಗರದ ಕಣ್ಣಿನ ವೈದ್ಯ ಥಿಯೋಡರ್ ಟೆರಿ ಹೊಸ ಕಾಯಿಲೆಯೊಂದನ್ನು ವರದಿ ಮಾಡಿದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳ ಕಣ್ಣಿನ ಮಸೂರದ ಹಿಂದೆ ಬಿಳಿ ಪೊರೆ ಬೆಳೆದು ದೃಷ್ಟಿಯೇ ಹೋಗುತ್ತಿತ್ತು. ವಿಚಿತ್ರವೆಂದರೆ, ಹೆಚ್ಚು ಸೌಕರ್ಯವಿದ್ದ ಆಸ್ಪತ್ರೆಗಳಲ್ಲೇ ಇದು ಹೆಚ್ಚು.

1951ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯೆ ಕೇಟ್ ಕ್ಯಾಂಬೆಲ್, ಧಾರಾಳವಾಗಿ ಕೊಡುವ ಆಕ್ಸಿಜನ್ನೇ ಕಾರಣವಿರಬಹುದು ಎಂದರು. ಇತ್ತ ವಾಷಿಂಗ್ಟನ್ನಿನಲ್ಲಿ ಆರ್ನಲ್ ಪ್ಯಾಟ್ಜ್ ಕೆಲವು ಶಿಶುಗಳಿಗೆ ಕಡಿಮೆ ಆಕ್ಸಿಜನ್ ಕೊಟ್ಟು ಪರೀಕ್ಷಿಸುತ್ತಿದ್ದರು. ರಾತ್ರಿ ಪಾಳಿಯ ಕೆಲವು ನರ್ಸ್‌ಗಳು ಮರುಕದಿಂದ ಆ ಶಿಶುಗಳಿಗೂ ಆಕ್ಸಿಜನ್ ಹೆಚ್ಚಿಸಿಬಿಡುತ್ತಿದ್ದರಂತೆ! ಕೊನೆಗೆ 1953–54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನ ಸಂಶಯ ಕಳೆಯಿತು. ಅಷ್ಟರಲ್ಲಿ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡಿದ್ದರು. 1950ರಲ್ಲಿ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರೂ ಇದೇ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡವರು.

ಇಂಥ ಶಿಶುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಇನ್ನೂ ಅಂಚಿನವರೆಗೆ ಬೆಳೆದಿರುವುದಿಲ್ಲ. ಆಕ್ಸಿಜನ್ ಅತಿಯಾದರೆ ಆ ಬೆಳವಣಿಗೆ ನಿಲ್ಲುತ್ತದೆ. ಮುಂದೆ ನಾಳಗಳು ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಲವನ್ನೇ ಕೀಳಬಲ್ಲವು.

ಹಾಗೆಂದು ಆಕ್ಸಿಜನ್ ತೀರಾ ಕಡಿಮೆ ಮಾಡಿದಾಗ ಇನ್ನೊಂದು ದುರಂತವಾಯಿತು: ಕಣ್ಣು ಉಳಿದರೂ ಜೀವ ಉಳಿಯದ ಶಿಶುಗಳು ಹೆಚ್ಚಾದರು. ಹೀಗಾಗಿ ಇಂದು ಆಕ್ಸಿಜನ್ ಕೊಡುವಾಗ ರಕ್ತದಲ್ಲಿ ಅದು ಎಷ್ಟಿದೆ ಎಂದು ಅಳೆಯುತ್ತಲೇ ಇರುತ್ತಾರೆ. ಅಳೆದು ಕೊಟ್ಟರೂ ಕಾಯಿಲೆ ಬರಬಹುದು; ಆದ್ದರಿಂದ ಕಣ್ಣಿನ ತಪಾಸಣೆ ತಪ್ಪಿಸುವಂತಿಲ್ಲ.

ನಮ್ಮ ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಅವರು ತೆಗೆದ ಚಿತ್ರಗಳನ್ನು ತಜ್ಞರು ದೂರದಿಂದಲೇ ನೋಡುತ್ತಾರೆ.

ಭಾರತದಲ್ಲಿ 34 ವಾರಕ್ಕೆ ಮುಂಚೆ ಹುಟ್ಟಿದ, ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ಅಕ್ಷಿಪಟಲದ ತಪಾಸಣೆ ಆಗಬೇಕು; ತೀರಾ ಬೇಗ ಹುಟ್ಟಿದ್ದರೆ 2–3 ವಾರದಲ್ಲೇ. ಸಕಾಲದಲ್ಲಿ ಕಂಡರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿ ಉಳಿಸಿಕೊಳ್ಳುವ ಅವಕಾಶವಿದೆ. ಹೊರಗಿನಿಂದ ನೋಡಿದರೆ ಮಗುವಿನ ಕಣ್ಣಿನಲ್ಲಿ ಆರಂಭದಲ್ಲಿ ಏನೂ ಕಾಣುವುದಿಲ್ಲ.

ದೂರದಲ್ಲಿರುವ ನಮ್ಮ ಕೈಯಲ್ಲಿರುವುದು ಫೋನ್ ಒಂದೇ. "ಮಗು ಹೇಗಿದೆ, ತೂಕ ಎಷ್ಟು?" ಎಂದು ಕೇಳುವಾಗ ಇನ್ನೊಂದು ಮಾತು ಸೇರಿಸೋಣ: "ಕಣ್ಣಿನ ಡಾಕ್ಟರು ಯಾವತ್ತು ನೋಡ್ತಾರೆ?"