ಬಹಿರಂಗ ದತ್ತಾಂಶ ಮತ್ತು ದತ್ತಾಂಶ ಸಂರಕ್ಷಣೆ: ಕೆಲವು ಪರಿಭಾಷೆಗಳ ಇತಿಹಾಸ

'ಡೇಟಾ' ಎಂಬುದು ಲ್ಯಾಟಿನ್ ಭಾಷೆಯ ಬಹುವಚನ ರೂಪ; 'ಕೊಡಲ್ಪಟ್ಟವು' ಎಂದು ಅದರ ಅರ್ಥ. ನಮ್ಮ 'ದತ್ತಾಂಶ'ದ ಪೂರ್ವಪದವಾದ ಸಂಸ್ಕೃತದ 'ದತ್ತ'ಕ್ಕೂ ಅರ್ಥ ಅದೇ, ಇವೆರಡೂ ಜ್ಞಾತಿಪದಗಳು. ಕೊಟ್ಟವರು ಯಾರು, ಯಾವ ಉದ್ದೇಶಕ್ಕಾಗಿ ಕೊಟ್ಟರು, ಪಡೆದವರ ಹೊಣೆಯೇನು ಎಂಬ ಮೂರು ಪ್ರಶ್ನೆಗಳು ಈ ಪದದಲ್ಲಿಯೇ ಅಡಗಿವೆ. ಭಾರತದ ಶಾಸನಗಳು ಇವಕ್ಕೆ ಕೊಟ್ಟ ಉತ್ತರಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಜನಗಣತಿಯನ್ನು ನೋಡಬಹುದು. ೧೯೪೮ರ ಜನಗಣತಿ ಅಧಿನಿಯಮವು ಗಣತಿದಾರನ ಪ್ರಶ್ನೆಗಳಿಗೆ ಉತ್ತರಿಸುವುದನ್ನು ಪ್ರಜೆಯ ಕರ್ತವ್ಯವನ್ನಾಗಿ ಮಾಡಿತು. ಆದರೆ ಅದರ ೧೫ನೆಯ ಪ್ರಕರಣದಂತೆ, ವ್ಯಕ್ತಿಯ ವಿವರಗಳುಳ್ಳ ಮೂಲಪತ್ರಗಳನ್ನು ನೋಡುವ ಹಕ್ಕು ಇತರರಿಗಿಲ್ಲ. ಆ ಅಧಿನಿಯಮದಡಿಯ ಅಪರಾಧಗಳ ವಿಚಾರಣೆಯನ್ನು ಬಿಟ್ಟರೆ ನ್ಯಾಯಾಲಯದಲ್ಲಿಯೂ ಅವು ಸಾಕ್ಷ್ಯವಾಗಲಾರವು. ಹಾಗಿದ್ದರೂ ಆ ಪತ್ರಗಳಿಂದ ಸಿದ್ಧವಾದ ಕೋಷ್ಟಕಗಳು ಸರ್ವರಿಗೂ ಲಭ್ಯ. ವ್ಯಕ್ತಿ ಗುಪ್ತ, ಸಂಖ್ಯೆ ಬಹಿರಂಗ. ಇಂದು 'ಅನಾಮೀಕರಣ'ವೆಂದು ಕರೆಯುವ ಕ್ರಿಯೆಯ ತತ್ತ್ವವು ಇಲ್ಲಿ ಆಗಲೇ ಇದ್ದಿತು.

'ಬಹಿರಂಗ'ದ ಇತಿಹಾಸ ಬೇರೆ. ೧೯೨೩ರ ಅಧಿಕೃತ ರಹಸ್ಯಗಳ ಅಧಿನಿಯಮದ ನೆರಳಿನಲ್ಲಿ ಆಡಳಿತಕ್ಕೆ ಗೋಪ್ಯತೆಯೇ ರೂಢಿಯಾಗಿದ್ದಿತು. ಕರ್ನಾಟಕವು ೨೦೦೦ದಲ್ಲಿಯೇ ಮಾಹಿತಿ ಹಕ್ಕಿನ ಶಾಸನವನ್ನು ರಚಿಸಿತು; ರಾಷ್ಟ್ರವ್ಯಾಪಿ ಶಾಸನವು ಬಂದುದು ೨೦೦೫ರಲ್ಲಿ. ಮಾಹಿತಿ ಹಕ್ಕಿನಲ್ಲಿ ಪ್ರಜೆಯು ಬೇಡಿದ ಬಳಿಕ ಸರ್ಕಾರವು ಕೊಡುವುದೇ ಮುಖ್ಯವಾದ ಕ್ರಮ. 'ಬಹಿರಂಗ ದತ್ತಾಂಶ'ವಾದರೋ, ಬೇಡುವ ಮೊದಲೇ, ಯಂತ್ರವು ಓದಬಲ್ಲ ರೂಪದಲ್ಲಿ, ಪುನರುಪಯೋಗದ ಅನುಮತಿಯೊಡನೆ ಪ್ರಕಟವಾಗತಕ್ಕದ್ದು. ೨೦೧೨ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತೆಯ ನೀತಿಯು ಈ ಭಾವನೆಯನ್ನು ಸರ್ಕಾರದ ಧೋರಣೆಯನ್ನಾಗಿಸಿತು.

'ದತ್ತಾಂಶ ಸಂರಕ್ಷಣೆ' ಎಂಬ ಮಾತು ತುಸು ದಾರಿ ತಪ್ಪಿಸುವಂತಹುದು. ಪ್ರಪಂಚದ ಈ ಬಗೆಯ ಮೊದಲ ಶಾಸನವು ೧೯೭೦ರಲ್ಲಿ ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ ಜಾರಿಗೆ ಬಂದಿತು. ಈ ಶಾಸನಪರಂಪರೆಯು ಕಾಪಾಡಹೊರಟುದು ಅಂತಿಮವಾಗಿ ದತ್ತಾಂಶವನ್ನಲ್ಲ, ಮನುಷ್ಯನನ್ನು. ಭಾರತದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿಯು ದತ್ತಾಂಶವನ್ನು ಪಡೆದವನಿಗೆ 'ಡೇಟಾ ಫಿಡ್ಯೂಷಿಯರಿ', ಎಂದರೆ ನಂಬಿಕೆಗೆ ಬದ್ಧನಾದವನು, ಎಂಬ ಹೆಸರನ್ನು ಸೂಚಿಸಿತು. ಯೂರೋಪಿನ ಶಾಸನದಲ್ಲಿ ಅವನು ಕೇವಲ 'ನಿಯಂತ್ರಕ'. ಹೆಸರಿನ ಈ ಬದಲಾವಣೆಯಲ್ಲಿ ಒಡೆತನದ ಸ್ಥಾನಕ್ಕೆ ನ್ಯಾಸದ ಭಾವನೆಯು ಬಂದುದು ಗಮನಾರ್ಹ. ೨೦೨೩ರ ಅಂಕೀಯ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಅದೇ ಪದವನ್ನು ಉಳಿಸಿಕೊಂಡಿತು.

ಎರಡು ಧಾರೆಗಳೂ ಸಂಘಟ್ಟಿಸಿದುದು ಈ ಅಧಿನಿಯಮದಲ್ಲಿಯೇ. ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವಾಗ ಅದಕ್ಕೆ ಸಾರ್ವಜನಿಕ ಕಾರ್ಯದ ಸಂಬಂಧವುಂಟೇ, ವಿಶಾಲವಾದ ಲೋಕಹಿತವು ಅದನ್ನು ಬೇಡುತ್ತದೆಯೇ ಎಂದು ತೂಗಿ ನೋಡಬೇಕೆಂಬುದು ೨೦೦೫ರ ಶಾಸನದ ೮(೧)(ಜೆ) ವಿಧಿಯ ನಿಯಮವಾಗಿದ್ದಿತು. ೨೦೨೩ರ ಅಧಿನಿಯಮದ ೪೪(೩)ನೆಯ ಪ್ರಕರಣವು ಆ ಮಾತುಗಳನ್ನು ತೆಗೆದು, 'ವೈಯಕ್ತಿಕ ಮಾಹಿತಿ' ಎಂಬಷ್ಟನ್ನೇ ನಿರಾಕರಣೆಗೆ ಆಧಾರವಾಗಿ ಉಳಿಸಿತು. ೮(೨)ನೆಯ ಪ್ರಕರಣದಲ್ಲಿ ಲೋಕಹಿತದ ತುಲನೆಗೆ ಇನ್ನೂ ಎಡೆಯುಂಟೆಂಬುದು ನಿಜ. ಆದರೂ ಅಧಿಕಾರಿಯ ಹೆಸರಿರುವ ಕಡತವೆಲ್ಲ 'ವೈಯಕ್ತಿಕ'ವೆನಿಸಿ ಮುಚ್ಚಿಹೋದೀತೆಂಬ ಆಕ್ಷೇಪವು ನಿರಾಧಾರವಲ್ಲ.

ಜನಗಣತಿಯು ದುರ್ಬಲನಾದ ವ್ಯಕ್ತಿಯನ್ನು ಮರೆಮಾಡಿ ಸಮಾಜದ ಚಿತ್ರವನ್ನು ತೆರೆದಿಟ್ಟಿತು. ಸಂರಕ್ಷಣೆಯು ಪ್ರಜೆಗೆ ಮರೆಯಾಗಬೇಕೇ ಹೊರತು ಅಧಿಕಾರಕ್ಕೆ ಮರೆಯಾಗಬಾರದು. ಈ ವಿವೇಕವು ತಪ್ಪಿದರೆ ಎರಡು ಪರಿಭಾಷೆಗಳೂ ಅರ್ಥಹೀನವಾಗುತ್ತವೆ.